ವಠಾರಕ್ಕೊಂದು ಮ್ಯೂಸಿಯಂ

ಸಾಫ್ಟ್‌ವೇರ್ ಕೆಲಸದಲ್ಲಿ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಅಂತ ಒಂದು ಮಾತಿದೆ. ಅದಕ್ಕೇ ಒಂದು ಟೀಮು, ಒಬ್ಬ ಮ್ಯಾನೇಜರು, ವಾರಕ್ಕೆರಡು ಮೀಟಿಂಗು. ಇಷ್ಟೆಲ್ಲ ಆಗಿ ಎಷ್ಟೋ ಸಲ ಹೊರಬೀಳುವುದು ಬಟನ್ನಿನ ಬಣ್ಣ ನೀಲಿಯಿಂದ ಹಸಿರಾಗಬೇಕು ಅನ್ನುವ ತೀರ್ಮಾನ ಮಾತ್ರ. ಮ್ಯೂಸಿಯಂ ನಡೆಸುವವರ ಹತ್ತಿರವೂ ಇಂಥದ್ದೇ ಮಾತಿದೆ, ‘ವಿಸಿಟರ್ ಎಕ್ಸ್‌ಪೀರಿಯೆನ್ಸ್’. ನೋಡಲು ಬಂದವರ ಅನುಭವ ಸುಧಾರಿಸಬೇಕು ಅಂತ ಅವರೂ ತಲೆ ಕೆಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದರ ಫಲ ಏನು ಅಂದರೆ ಒಂದು ಟಚ್ ಸ್ಕ್ರೀನು, ಕಿವಿಗೆ ಹಾಕಿಕೊಳ್ಳುವ ಆಡಿಯೋ ಗೈಡು, ಹೊರಗೆ ಕಾಫಿ ಅಂಗಡಿ. ಸ್ಕ್ರೀನು ಮೊದಲನೇ ವರ್ಷ ಕೆಲಸ ಮಾಡುತ್ತೆ, ಆಮೇಲೆ ಅದರ ಮೇಲೊಂದು ಬಟ್ಟೆ ಹೊದಿಸುತ್ತಾರೆ.

ದೊಡ್ಡವರು ಬಾಳಿದ ಮನೆಗಳನ್ನು ನೋಡಲು ನನಗೆ ಇಷ್ಟ. ನಮ್ಮಮ್ಮನನ್ನೂ ಕರಕೊಂಡು ಹೋಗಿದ್ದೇನೆ. ಗಾಜಿನ ಪೆಟ್ಟಿಗೆಯೊಳಗಿನ ಪದಕ, ಕನ್ನಡಕ, ಬೆಳ್ಳಿ ಹಿಡಿಯ ಕೋಲು ಇವುಗಳ ಮುಂದೆ ಅವಳು ಒಂದು ನಿಮಿಷವೂ ನಿಲ್ಲುವುದಿಲ್ಲ. ಸೀದಾ ಹಿಂದಕ್ಕೆ ಹೋಗಿ ಒಲೆ ಎಲ್ಲಿತ್ತು, ನೀರು ಎಲ್ಲಿಂದ ಹೊರುತ್ತಿದ್ದರು, ಬಚ್ಚಲು ಯಾವ ಕಡೆ, ಇಷ್ಟು ದೊಡ್ಡ ಮನೆ ಸಾರಿಸುತ್ತಿದ್ದವರು ಯಾರು ಅಂತ ಶುರು ಮಾಡುತ್ತಾಳೆ. ಕಾವಲಿಗೆ ಕೂತವರು ‘ಅದೆಲ್ಲ ಗೊತ್ತಿಲ್ಲಮ್ಮ, ಇಲ್ಲಿ ಬೋರ್ಡಿದೆ ನೋಡಿ’ ಅನ್ನುತ್ತಾರೆ. ಬೋರ್ಡಿನಲ್ಲಿ ಹುಟ್ಟಿದ ದಿನ, ಪ್ರಶಸ್ತಿ ಬಂದ ವರ್ಷ ಇರುತ್ತೆ. ಅಮ್ಮನ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತೆ.

ಆ ಪ್ರಶ್ನೆಗಳನ್ನೇ ಬುನಾದಿ ಮಾಡಿಕೊಂಡು ಕಟ್ಟಿದ ಮ್ಯೂಸಿಯಂ ಒಂದು ನ್ಯೂಯಾರ್ಕಿನಲ್ಲಿದೆ. ಹೆಸರು ಟೆನೆಮೆಂಟ್ ಮ್ಯೂಸಿಯಂ. ಟೆನೆಮೆಂಟ್ ಅನ್ನುವುದಕ್ಕೆ ನಮ್ಮಲ್ಲಿ ಸರಿಯಾದ ಪದವೇ ಇದೆ: ವಠಾರ. ಆಫೀಸಿನ ಕೆಲಸಕ್ಕೆ ಅಂತ ಎರಡು ತಿಂಗಳು ಜರ್ಸಿ ಸಿಟಿಯಲ್ಲಿದ್ದಾಗ ಅಲ್ಲಿಗೆ ಎರಡು ಸಲ ಹೋಗಿಬಂದೆ. ಲಿಬರ್ಟಿ ಪ್ರತಿಮೆಗೆ ಹೋಗಿದ್ದು ಒಂದೇ ಸಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದಲ್ಲಿ ಹಳೆಯ ಮನೆಯನ್ನು ಮ್ಯೂಸಿಯಂ ಮಾಡುವ ಪದ್ಧತಿ ಶುರುವಾಗಿದ್ದು 1850ರಲ್ಲಿ. ಯುದ್ಧಕಾಲದಲ್ಲಿ ಜಾರ್ಜ್ ವಾಷಿಂಗ್ಟನ್ ತಂಗಿದ್ದ ನ್ಯೂಬರ್ಗ್ ಊರಿನ ಮನೆಯನ್ನು ನ್ಯೂಯಾರ್ಕ್ ರಾಜ್ಯ ಉಳಿಸಿಕೊಂಡಿತು. 1858ರಲ್ಲಿ ಆನ್ ಪಮೇಲಾ ಕನಿಂಗ್‌ಹ್ಯಾಮ್ ಎಂಬ ಹೆಂಗಸು ಕಟ್ಟಿದ ಮಹಿಳೆಯರ ಸಂಘವೊಂದು ವಾಷಿಂಗ್ಟನ್ನನ ಸ್ವಂತ ಮನೆ ಮೌಂಟ್ ವರ್ನನ್ ಅನ್ನು 2 ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಇದೇ ನಡೆಯಿತು. ದೊಡ್ಡ ಮನುಷ್ಯ, ದೊಡ್ಡ ಮನೆ, ಒಳ್ಳೆಯ ಮೇಜು ಕುರ್ಚಿ. ಬಾಡಿಗೆಗೆ ಇದ್ದವರ ಮನೆಯನ್ನು ಉಳಿಸಬೇಕು ಅಂತ ಯಾರಿಗೂ ಅಷ್ಟಾಗಿ ಹೊಳೆಯಲಿಲ್ಲ. ಅದರಲ್ಲಿ ನೋಡುವುದಕ್ಕೆ ಏನಿದೆ ಅನ್ನುವುದೇ ಎಲ್ಲರ ಎಣಿಕೆ.

1988ರಲ್ಲಿ ರೂತ್ ಏಬ್ರಮ್ ಮತ್ತು ಅನಿಟಾ ಜೇಕಬ್ಸನ್ ಎಂಬ ಇಬ್ಬರು ವಲಸೆ ಬಂದವರ ಬದುಕು ತೋರಿಸುವ ಮ್ಯೂಸಿಯಂ ಮಾಡಬೇಕು ಅಂತ ಜಾಗ ಹುಡುಕುತ್ತಿದ್ದರು. ಮ್ಯಾನ್‌ಹಟನ್ನಿನ ಲೋವರ್ ಈಸ್ಟ್ ಸೈಡ್ ಅನ್ನುವ ಕಡೆ, 97 ಆರ್ಚರ್ಡ್ ಸ್ಟ್ರೀಟಿನ ಒಂದು ಅಂಗಡಿ ಮಳಿಗೆ ನೋಡಲು ಹೋದ ಜೇಕಬ್ಸನ್, ಕಕ್ಕಸು ಎಲ್ಲಿದೆ ಅಂತ ಹಿಂದಕ್ಕೆ ಹೋದಾಗ ಹಳೆಯ ಕತ್ತಲೆ ಪಡಸಾಲೆ, ಮರದ ಮೆಟ್ಟಿಲು ಕಂಡವು. ಮೇಲಿನ ಮನೆಗಳೆಲ್ಲ ಖಾಲಿ. ಯಾಕೆ ಅಂದರೆ 1935ರಲ್ಲಿ ಕಟ್ಟಡದ ಮಾಲೀಕ, ಸುರಕ್ಷತೆಯ ಹೊಸ ಕಾನೂನಿನ ಪ್ರಕಾರ ರಿಪೇರಿಗೆ ದುಡ್ಡು ಸುರಿಯುವುದಕ್ಕಿಂತ ಬಾಡಿಗೆದಾರರನ್ನೇ ಎಬ್ಬಿಸುವುದು ಅಗ್ಗ ಅಂತ ಲೆಕ್ಕ ಹಾಕಿದ್ದ. ಕೆಳಗಿನ ಅಂಗಡಿಗಳನ್ನು ಮಾತ್ರ ಇಟ್ಟುಕೊಂಡ. ಮೇಲೆ ಐವತ್ತು ವರ್ಷ ಬೀಗ. ಮಾಲೀಕನ ಜಿಪುಣತನ ಇತಿಹಾಸವನ್ನು ಉಪ್ಪಿನಕಾಯಿ ಹಾಕಿಟ್ಟಂತೆ ಆಗಿತ್ತು.

ಕಟ್ಟಡ ಎದ್ದಿದ್ದು 1863ರಲ್ಲಿ. ಕಟ್ಟಿಸಿದವನು ಲೂಕಾಸ್ ಗ್ಲೋಕ್ನರ್, ಜರ್ಮನಿ ಕಡೆಯಿಂದ ಬಂದ ದರ್ಜಿ. ಐದು ಅಂತಸ್ತು, ಮಹಡಿಗೆ ನಾಲ್ಕು ಮನೆ, ಪ್ರತಿ ಮನೆಯಲ್ಲೂ ಮೂರು ಕೋಣೆ, ಒಟ್ಟು ಸುಮಾರು 325 ಚದರ ಅಡಿ. ಈಗಿನ ಬೆಂಗಳೂರಿನ ಒಂದು ದೊಡ್ಡ ಬೆಡ್‌ರೂಮು ಅನ್ನಿ. ಅದರಲ್ಲಿ ಆರೇಳು ಜನ. ಬೀದಿಗೋ ಹಿತ್ತಲಿಗೋ ತೆರೆದ ಕೋಣೆಗೆ ಮಾತ್ರ ನೇರ ಬೆಳಕು, ಒಳಗಿನ ಎರಡು ಕೋಣೆಗೆ ಹಗಲಲ್ಲೂ ಕತ್ತಲೆ. ಮೊದಲಿಗೆ ಒಳಗೆ ನಲ್ಲಿ ಇಲ್ಲ, ಕಕ್ಕಸು ಹಿತ್ತಲಲ್ಲಿ. ಐದನೇ ಮಹಡಿಯ ಹೆಂಗಸು ನೀರನ್ನೂ ಕಲ್ಲಿದ್ದಲನ್ನೂ ಹೊತ್ತು ಹತ್ತಬೇಕು, ಗಲೀಜು ನೀರನ್ನು ಹೊತ್ತು ಇಳಿಯಬೇಕು. 1901ರ ಕಾನೂನು ಬಂದಮೇಲೆ, 1905ರ ಹೊತ್ತಿಗೆ, ಮಹಡಿಗೆ ಎರಡು ಕಕ್ಕಸು ಬಂದವು. ಒಳಗೋಡೆಗಳಲ್ಲಿ ಕಿಟಕಿ ಕೊರೆದರು, ಒಂದು ಕೋಣೆಯ ಬೆಳಕು ಇನ್ನೊಂದಕ್ಕೆ ಸಿಗಲಿ ಅಂತ. ಮನೆಯೊಳಗಿನ ಗೋಡೆಗೆ ಕಿಟಕಿ ಯಾಕೆ ಅಂತ ನಾನು ಯೋಚಿಸುತ್ತ ನಿಂತಿದ್ದಾಗ ಗೈಡು ಹೇಳಿದ್ದು ಇದು. ಕಾನೂನು ಅನ್ನುವುದು ಗೋಡೆಯಲ್ಲಿ ತೂತಾಗಿ ಕಾಣುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು.

1863ರಿಂದ 1935ರ ತನಕ ಆ ಒಂದು ಕಟ್ಟಡದಲ್ಲಿ 20ಕ್ಕೂ ಹೆಚ್ಚು ದೇಶಗಳ ಸುಮಾರು 7000 ಜನ ಬಾಳಿದರು ಅಂತ ಮ್ಯೂಸಿಯಂನವರ ಲೆಕ್ಕ. ಒಬ್ಬರೂ ಪ್ರಸಿದ್ಧರಲ್ಲ. ಹಾಗಾದರೆ ಬಂದವರಿಗೆ ಏನು ತೋರಿಸುವುದು? ಅವರ ಪೆಟ್ಟಿಗೆ ಪಾತ್ರೆ ಎಲ್ಲ ಅವರ ಜೊತೆಗೇ ಹೋಗಿದ್ದವು. ಉಳಿದದ್ದು ಗೋಡೆ, ಪದರ ಪದರವಾಗಿ ಅಂಟಿಸಿದ ವಾಲ್‌ಪೇಪರು, ಮತ್ತೆ ಸರ್ಕಾರಿ ಕಾಗದಗಳಲ್ಲಿ ಹೆಸರುಗಳು. ಅವರು ಜನಗಣತಿ, ಕೋರ್ಟಿನ ಕಡತ, ಸಾವಿನ ದಾಖಲೆ ಎಲ್ಲ ಕೆದಕಿದರು. ಒಂದೊಂದು ಮನೆಯಲ್ಲಿ ಒಂದೊಂದು ಸಂಸಾರವನ್ನು ಕೂರಿಸಿದರು, ಒಂದೊಂದು ಕಾಲದಲ್ಲಿ. ಕೆಲವು ಮನೆಗಳನ್ನು ಬೇಕಂತಲೇ ರಿಪೇರಿ ಮಾಡದೆ, ಗಾರೆ ಉದುರಿದ್ದು ಉದುರಿದ ಹಾಗೇ ಬಿಟ್ಟರು.

ನಟಾಲಿ ಗುಂಪರ್ಟ್ಸ್ ಕಥೆ ಕೇಳಿ. ಪ್ರಷ್ಯಾದಿಂದ ಬಂದ ಯಹೂದಿ ಹೆಂಗಸು. 1873ರಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತು, ಕೆಲಸಗಳು ಹೋದವು. 1874ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಗಂಡ ಜೂಲಿಯಸ್ ಕೆಲಸಕ್ಕೆ ಅಂತ ಹೋದವನು ವಾಪಸ್ ಬರಲೇ ಇಲ್ಲ. ಸತ್ತನೋ, ಓಡಿಹೋದನೋ ತಿಳಿಯಲಿಲ್ಲ. ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ನಟಾಲಿ ಆ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯಲು ಕೂತಳು. 1883ರಲ್ಲಿ ಪ್ರಷ್ಯಾದಲ್ಲಿದ್ದ ಮಾವನ ಆಸ್ತಿಯಿಂದ ಜೂಲಿಯಸ್ ಪಾಲಿಗೆ 600 ಡಾಲರ್ ಬಂತು. ಅದನ್ನು ಪಡೆಯಬೇಕಾದರೆ ಗಂಡ ಸತ್ತಿದ್ದಾನೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆ ಅರ್ಜಿಯ ಕಾಗದ ಉಳಿದಿದ್ದರಿಂದಲೇ ನಮಗೆ ನಟಾಲಿ ಗೊತ್ತು. ಊರಲ್ಲಿ ಗಂಡ ಬಾಂಬೆಗೆ ಹೋದವನು ಬರಲಿಲ್ಲ ಅಂತ ಹಣೆಗೆ ಕುಂಕುಮ ಇಡಬೇಕೋ ಬೇಡವೋ ಅನ್ನುವ ಗೊಂದಲದಲ್ಲೇ ಬದುಕು ಕಳೆದ ಅಜ್ಜಿಯೊಬ್ಬರನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೆ. ಗೈಡು ಈ ಕಥೆ ಹೇಳುವಾಗ ಇಂಗ್ಲಿಷಿನಲ್ಲಿ ಕೇಳುತ್ತಿದ್ದೇನೆ ಅನ್ನುವುದೇ ಮರೆತುಹೋಗಿತ್ತು.

ಇನ್ನೊಂದು ಮನೆಯಲ್ಲಿ ಸಿಸಿಲಿಯಿಂದ ಬಂದ ಬಾಲ್ಡಿಝಿ ಸಂಸಾರ. 1930ರ ದಶಕದ ಬರಗಾಲ, ಅಂದರೆ ಗ್ರೇಟ್ ಡಿಪ್ರೆಶನ್. ಅಪ್ಪ ಅಡಾಲ್ಫೊ ನುರಿತ ಬಡಗಿ. ಕೆಲಸ ಇಲ್ಲದೆ ಉಪಕರಣದ ಪೆಟ್ಟಿಗೆ ಹಿಡಕೊಂಡು ಬೀದಿ ಬೀದಿ ಅಲೆಯುತ್ತಿದ್ದ. ಮಗಳು ಜೋಸೆಫೀನ್ ಮುದುಕಿಯಾದ ಮೇಲೆ ಮ್ಯೂಸಿಯಂಗೆ ಬಂದು ನೆನಪುಗಳನ್ನು ಹೇಳಿದಳು. ಅವಳ ದನಿಯ ರೆಕಾರ್ಡಿಂಗನ್ನು ಆ ಅಡುಗೆಮನೆಯಲ್ಲೇ ಕೇಳಿಸುತ್ತಾರೆ. ತಂತ್ರಜ್ಞಾನ ಅಂದರೆ ಅಷ್ಟೇ, ಒಂದು ಸ್ಪೀಕರ್. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ಹದಿನೈದು ಸ್ಕ್ರೀನು ಹಾಕಿದ್ದರೂ ಆ ಮೌನ ಬರುತ್ತಿರಲಿಲ್ಲ ಅಂತ ಒಬ್ಬ ಸ್ಕ್ರೀನು ಮಾಡುವವನಾಗಿ ಹೇಳುತ್ತಿದ್ದೇನೆ.

ನನಗೆ ಎಲ್ಲರಿಗಿಂತ ಹೆಚ್ಚು ನೆನಪುಳಿದವಳು ಫ್ಯಾನಿ ರೋಗರ್‌ಶೆವ್‌ಸ್ಕಿ. ಗಂಡ ಏಬ್ರಹಾಂ ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಿದ್ದ, 1918ರಲ್ಲಿ ಕ್ಷಯದಿಂದ ಸತ್ತ. ಆಮೇಲೆ ಫ್ಯಾನಿ ಅದೇ ಕಟ್ಟಡದ ಕಸ ಗುಡಿಸಿ ಮೆಟ್ಟಿಲು ಒರೆಸುವ ಕೆಲಸ ಹಿಡಿದಳು. 1935ರಲ್ಲಿ ಎಲ್ಲರನ್ನೂ ಎಬ್ಬಿಸಿದ ಮೇಲೂ ಕೆಲವು ವರ್ಷ ಅವಳು ಅಲ್ಲೇ ಇದ್ದಳು. ಖಾಲಿ ವಠಾರದಲ್ಲಿ ಒಬ್ಬ ಮುದುಕಿ. ಇಷ್ಟೇ. ಇದಕ್ಕಿಂತ ಹೆಚ್ಚು ಗೈಡು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ.

ಅಂದಹಾಗೆ, ಅಲ್ಲಿ ನಿಮ್ಮ ಪಾಡಿಗೆ ನೀವು ಅಡ್ಡಾಡುವಂತಿಲ್ಲ. ಗೈಡಿನ ಜೊತೆ, ಸಣ್ಣ ಗುಂಪಿನಲ್ಲೇ ಹೋಗಬೇಕು. ಗೈಡುಗಳು ಕಲಿತದ್ದನ್ನು ಒಪ್ಪಿಸುವವರಲ್ಲ, ನಮ್ಮನ್ನೇ ಕೇಳುತ್ತಾರೆ: ‘ಆರು ಜನ ಎಲ್ಲಿ ಮಲಗುತ್ತಿದ್ದರು, ಹೇಳಿ ನೋಡೋಣ?’ ನಾನು ‘ಅಡುಗೆಮನೆಯಲ್ಲಿ, ಸಾಲಾಗಿ’ ಅಂದೆ. ನಮ್ಮ ಮನೆಯಲ್ಲಿ ಹಾಗೇ ಮಲಗುತ್ತಿದ್ದುದು. ಉಳಿದವರು ನನ್ನನ್ನು ಗೌರವದಿಂದ ನೋಡಿದರು!

ಈಗ ಕಥೆಯ ತೊಡಕಿನ ಭಾಗಕ್ಕೆ ಬರುತ್ತೇನೆ.

ಆ ಮನೆಗಳಲ್ಲಿ ಒಂದು ಐರಿಷ್ ಸಂಸಾರದ್ದು. ಗಂಡ ಜೋಸೆಫ್ ಮೂರ್, ಹೋಟೆಲುಗಳಲ್ಲಿ ವೇಟರ್. ಹೆಂಡತಿ ಬ್ರಿಜೆಟ್. 1869ರಲ್ಲಿ ಅವರ ಹಸುಗೂಸು ಆಗ್ನೆಸ್ ಸರಿಯಾದ ಆಹಾರ ಇಲ್ಲದೆ ಸತ್ತಿತು. ಈ ಮೂರ್ ಹೆಸರು ಸಿಕ್ಕಿದ್ದು ಊರಿನ ಡೈರೆಕ್ಟರಿಯಲ್ಲಿ. ಆ ಪುಟವನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದರು. ಅದೇ ಪುಟದಲ್ಲಿ ಇನ್ನೊಬ್ಬ ಜೋಸೆಫ್ ಮೂರ್ ಇದ್ದ. ಅವನೂ ವೇಟರ್. ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಗುರುತು, ‘ಕಲರ್ಡ್’ ಅನ್ನುವುದರ ಮೊಟಕು ರೂಪ. ಅಂದರೆ ಕರಿಯ.

ನೋಡುಗರು ಕೇಳಲು ಶುರು ಮಾಡಿದರು, ಈ ಇನ್ನೊಬ್ಬ ಯಾರು ಅಂತ. ಗೈಡುಗಳ ಹತ್ತಿರ ಉತ್ತರ ಇರಲಿಲ್ಲ. ಕಡೆಗೆ ಮ್ಯೂಸಿಯಂನವರು ಹುಡುಕಿದರು. ಅವನು ಹುಟ್ಟಿದ್ದು ನ್ಯೂಜರ್ಸಿಯ ಬೆಲ್ವಿಡಿಯರ್‌ನಲ್ಲಿ, ಸ್ವತಂತ್ರನಾಗಿ. 1857ರಲ್ಲಿ ನ್ಯೂಯಾರ್ಕಿಗೆ ಬಂದ. ಹೆಂಡತಿ ರೇಚಲ್. ಇದ್ದದ್ದು ಈಗ ಸೋಹೋ ಅಂತ ಕರೆಯುವ ಕಡೆ, ಲಾರೆನ್ಸ್ ಸ್ಟ್ರೀಟಿನಲ್ಲಿ. 97 ಆರ್ಚರ್ಡ್ ಕಟ್ಟಡ ಎದ್ದ 1863ರಲ್ಲೇ, ಸೇನೆಗೆ ಕಡ್ಡಾಯ ಭರ್ತಿಯನ್ನು ವಿರೋಧಿಸಿ ಹುಟ್ಟಿದ ದಂಗೆ ಕರಿಯರ ಮೇಲೆ ತಿರುಗಿತ್ತು. ಎಷ್ಟೋ ಕರಿಯ ಸಂಸಾರಗಳು ಊರು ಬಿಟ್ಟವು. ಅಂಥ ಊರಲ್ಲಿ 1869ರಲ್ಲೂ ಇವನು ವೇಟರ್ ಕೆಲಸ ಮಾಡಿಕೊಂಡಿದ್ದ.

2023ರ ಡಿಸೆಂಬರಿನಲ್ಲಿ 97 ಆರ್ಚರ್ಡಿನ ಐದನೇ ಮಹಡಿಯಲ್ಲಿ ಈ ಜೋಸೆಫ್ ಮತ್ತು ರೇಚಲ್ ಮೂರ್ ಅವರ ಮನೆಯನ್ನು ಹೊಸದಾಗಿ ಕಟ್ಟಿ ತೆರೆದರು. ತೊಡಕು ಏನು ಅಂದರೆ, ಅವರು ಆ ಕಟ್ಟಡದಲ್ಲಿ ಒಂದು ದಿನವೂ ಇರಲಿಲ್ಲ. ಮ್ಯೂಸಿಯಂ ಇದನ್ನು ಮುಚ್ಚಿಡುವುದಿಲ್ಲ, ಬಾಯಿಬಿಟ್ಟು ಹೇಳುತ್ತದೆ. ಆದರೂ ಜಗಳ ಎದ್ದಿತು. ‘ಇಲ್ಲೇ ಬಾಳಿದವರು’ ಅನ್ನುವುದೇ ಈ ಮ್ಯೂಸಿಯಂನ ಪ್ರಾಣ, ಅದನ್ನು ರಾಜಕೀಯಕ್ಕಾಗಿ ಬಿಟ್ಟುಕೊಟ್ಟರು ಅಂತ ಪತ್ರಿಕೆಯಲ್ಲಿ ಬರೆದವರಿದ್ದಾರೆ.

ನಾನು ಆ ಕೋಣೆಯಲ್ಲಿ ನಿಂತಾಗ ಎರಡೂ ಕಡೆಗೆ ಮನಸ್ಸು ಎಳೆಯಿತು. ನಟಾಲಿ ಕೋಣೆಯಲ್ಲಿ ಕಿಟಕಿ ಮುಟ್ಟಿದರೆ ಅವಳು ಮುಟ್ಟಿದ ಕಟ್ಟು ಅದು. ಇಲ್ಲಿ ಹಾಗಲ್ಲ, ಇದು ನಾಟಕದ ಸೆಟ್ಟು. ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ಆದರೆ ಇನ್ನೊಂದು ಕಡೆಯಿಂದ ಯೋಚಿಸಿ. ಅವನು ಇದ್ದ ಬೀದಿಯ ಮನೆಯನ್ನು ಯಾರೂ ಬೀಗ ಹಾಕಿ ಐವತ್ತು ವರ್ಷ ಕಾಪಾಡಲಿಲ್ಲ. ಯಾರ ಗೋಡೆ ಉಳಿದಿದೆಯೋ ಅವರ ಕಥೆಯನ್ನು ಮಾತ್ರ ಹೇಳುತ್ತೇವೆ ಅಂತ ಹಠ ಹಿಡಿದರೆ, ಗೋಡೆ ಉಳಿಯದವರು ಎರಡನೇ ಸಲ ಬೀದಿಪಾಲಾಗುತ್ತಾರೆ. ನಮ್ಮೂರಿನ ಕೇರಿಯಲ್ಲಿ ನಾನು ಚಿಕ್ಕವನಿದ್ದಾಗ ಇದ್ದ ಸೋಗೆ ಗುಡಿಸಲುಗಳಲ್ಲಿ ಒಂದೂ ಈಗ ಇಲ್ಲ. ಗೌಡರ ತೊಟ್ಟಿಮನೆ ಮಾತ್ರ ಕಲ್ಲಿನ ಹಾಗೆ ನಿಂತಿದೆ. ನಾಳೆ ಯಾರಾದರೂ ಊರಿನ ಇತಿಹಾಸ ತೋರಿಸಬೇಕು ಅಂದರೆ ಯಾವ ಮನೆಗೆ ಕರಕೊಂಡು ಹೋಗುತ್ತಾರೆ, ಹೇಳಿ?

ಹಾಗಾಗಿ ನನ್ನ ಮಟ್ಟಿಗೆ ಕಥೆ ಹೇಳಿದ್ದು ಸರಿ. ಕೋಣೆಯಲ್ಲಿ ಅಷ್ಟೊಂದು ಸಾಮಾನು ಜೋಡಿಸಿದ್ದಕ್ಕೆ ಮಾತ್ರ ನನ್ನ ತಕರಾರಿದೆ. ಖಾಲಿ ಬಿಡಬಹುದಿತ್ತು. ಖಾಲಿ ಕೋಣೆಗೂ ಶಕ್ತಿ ಇದೆ ಅನ್ನುವುದಕ್ಕೆ ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಯೇ ಸಾಕ್ಷಿ. 1944ರ ಆಗಸ್ಟ್‌ನಲ್ಲಿ ಅಡಗಿದ್ದ ಎಂಟು ಜನರನ್ನು ಹಿಡಿದುಕೊಂಡು ಹೋದ ಮೇಲೆ ನಾಜಿಗಳು ಪೀಠೋಪಕರಣಗಳನ್ನೆಲ್ಲ ಸಾಗಿಸಿದರು. ಆ ಎಂಟು ಜನರಲ್ಲಿ ಬದುಕುಳಿದವನು ಆನ್‌ಳ ಅಪ್ಪ ಓಟೋ ಫ್ರಾಂಕ್ ಒಬ್ಬನೇ. 1960ರಲ್ಲಿ ಮ್ಯೂಸಿಯಂ ತೆರೆದಾಗ, ಕೋಣೆಗಳು ಖಾಲಿಯೇ ಇರಲಿ ಅಂತ ಅವನು ಪಟ್ಟು ಹಿಡಿದ. ಇಂದಿಗೂ ಖಾಲಿ. ಗೋಡೆಯ ಮೇಲೆ ಆ ಹುಡುಗಿ ಅಂಟಿಸಿದ ಚಿತ್ರಗಳಿವೆ, ಮಕ್ಕಳು ಎಷ್ಟು ಎತ್ತರ ಬೆಳೆದರು ಅಂತ ಹಾಕಿದ ಪೆನ್ಸಿಲ್ ಗೀಟುಗಳಿವೆ.

ದೊಡ್ಡ ಮನುಷ್ಯರ ಮನೆಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ‘ಎಲ್ಲ ಮನುಷ್ಯರೂ ಸಮಾನರು’ ಅಂತ 1776ರಲ್ಲಿ ಬರೆದ ಥಾಮಸ್ ಜೆಫರ್ಸನ್‌ನ ಮನೆ ಮಾಂಟಿಚೆಲ್ಲೊ, ವರ್ಜೀನಿಯಾದಲ್ಲಿದೆ. ಅವನ ಜೀವಮಾನದಲ್ಲಿ ಅವನ ಒಡೆತನದಲ್ಲಿದ್ದ ಗುಲಾಮರು 607 ಮಂದಿ. ಟ್ರಸ್ಟೊಂದು 1923ರಲ್ಲಿ ಮನೆ ಕೊಂಡಿತು. ದಶಕಗಟ್ಟಲೆ ಅಲ್ಲಿ ಹೇಳುತ್ತಿದ್ದದ್ದು ಅವನ ಪುಸ್ತಕ, ಗಡಿಯಾರ, ಗುಮ್ಮಟದ ಬಗ್ಗೆ. 1993ರಲ್ಲಿ ಗುಲಾಮರ ವಂಶಸ್ಥರನ್ನು ಹುಡುಕಿ ಅವರ ಮನೆತನದ ನೆನಪುಗಳನ್ನು ರೆಕಾರ್ಡ್ ಮಾಡುವ ಕೆಲಸ ಶುರುವಾಯಿತು. ಜೆಫರ್ಸನ್‌ಗೆ ತನ್ನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳಲ್ಲಿ ಮಕ್ಕಳಿದ್ದರು ಅನ್ನುವ ಮಾತನ್ನು ಅವಳ ಮನೆತನದವರು ಮೊದಲಿಂದಲೂ ಹೇಳುತ್ತಿದ್ದರು, ವಿದ್ವಾಂಸರು ತಳ್ಳಿಹಾಕುತ್ತಿದ್ದರು. 1998ರಲ್ಲಿ ಡಿಎನ್‌ಎ ಪರೀಕ್ಷೆ ಬಂತು, 2000ದಲ್ಲಿ ಟ್ರಸ್ಟೇ ಒಪ್ಪಿಕೊಂಡಿತು, 2018ರಲ್ಲಿ ಅವಳ ಬಗ್ಗೆ ಒಂದು ಕೋಣೆ ತೆರೆದರು. ‘ಮನೆ ನೋಡಲು ಬಂದರೆ ಗುಲಾಮಗಿರಿ ಪಾಠ ಮಾಡ್ತಾರೆ’ ಅಂತ ಗೊಣಗುವ ಪ್ರವಾಸಿಗರು ಈಗಲೂ ಇದ್ದಾರೆ. ಅವರ ‘ಎಕ್ಸ್‌ಪೀರಿಯೆನ್ಸ್’ ಕೆಟ್ಟಿತು ಅನ್ನಬೇಕೇನೋ. ಅವರಿಗೆ ಐದಕ್ಕೆ ಒಂದು ಸ್ಟಾರ್ ಕೊಡುವ ಹಕ್ಕಿದೆ, ಕೊಡಲಿ ಬಿಡಿ.

ನಮ್ಮ ಕಡೆಗೆ ಬಂದರೆ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ ನನಗೆ ಈ ವಿಷಯದಲ್ಲಿ ತುಂಬ ಕಾಡುತ್ತೆ. ಮಲೆನಾಡಿನ ಅಂಥ ದೊಡ್ಡ ಮನೆಯನ್ನು ಎತ್ತಿ ನಿಲ್ಲಿಸಿದ್ದು, ಅದರ ಗದ್ದೆ ತೋಟ ಮಾಡಿದ್ದು ಆಳುಕಾಳುಗಳು. ಅದನ್ನು ಕುವೆಂಪು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹೆಗ್ಗಡೆಗಳಷ್ಟೇ ಜಾಗ ನಾಯಿಗುತ್ತಿಗೆ, ತಿಮ್ಮಿಗೆ ಇದೆ. ಅಂದರೆ ನಮಗೆ ಗೈಡು ಹೊಸದಾಗಿ ಕಥೆ ಕಟ್ಟಬೇಕಾಗಿಲ್ಲ. ಅಂಗಳದಲ್ಲಿ ನಿಂತು, ಜೀತದಾಳು ಈ ಮನೆಯೊಳಗೆ ಎಲ್ಲಿಯವರೆಗೆ ಬರಬಹುದಿತ್ತು, ಯಾವ ಕಡೆ ನಿಂತು ಕೂಗಬೇಕಿತ್ತು, ಅವನಿಗೆ ಊಟ ಎಲ್ಲಿ ಹಾಕುತ್ತಿದ್ದರು ಅಂತ ಇಂಥ ಯಾವುದೇ ಹಳೆಯ ಮನೆಯಲ್ಲಿ ಐದು ನಿಮಿಷ ಹೇಳಿದರೆ ಸಾಕು. ಶಾಲೆ ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳುತ್ತಾರೆ, ನಮ್ಮವರು ಎಲ್ಲಿ ನಿಲ್ಲುತ್ತಿದ್ದರು ಅಂತ.

ವಠಾರದ ವಿಷಯಕ್ಕೆ ಮರಳಿದರೆ, ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗ ನಾನು ಉಳಿದದ್ದು ಶ್ರೀರಾಮಪುರದಲ್ಲಿ ಚಿಕ್ಕಪ್ಪ ಇದ್ದ ವಠಾರದಲ್ಲಿ. ಒಂಬತ್ತು ಮನೆ, ಎರಡು ಕಕ್ಕಸು, ಒಂದು ನಲ್ಲಿ. ಮಿಲ್ಲಿನಲ್ಲಿ ಕೆಲಸಕ್ಕಿದ್ದವರು, ಅಗರಬತ್ತಿ ಹೊಸೆಯುವವರು, ಒಬ್ಬರು ಬಿಎಂಟಿಸಿ ಕಂಡಕ್ಟರ್. ಈಗ ಆ ಜಾಗದಲ್ಲಿ ನಾಲ್ಕು ಮಹಡಿಯ ಪಿಜಿ ಇದೆ. ಗೋಡೆ ಹೋಯಿತು, ಬೀಗ ಹಾಕಿ ಉಳಿಸುವ ಜಿಪುಣ ಮಾಲೀಕ ನಮಗೆ ಸಿಗಲಿಲ್ಲ. ಆದರೆ ಹಳೆಯ ಮತದಾರರ ಪಟ್ಟಿಗಳಲ್ಲಿ, ರೇಷನ್ ಕಾರ್ಡುಗಳಲ್ಲಿ, ಕಾರ್ಪೊರೇಷನ್ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಆ ಒಂಬತ್ತು ಮನೆಗಳ ಹೆಸರು ಸಿಕ್ಕೇ ಸಿಗುತ್ತೆ. ಹೋದ ತಿಂಗಳು ಚಿಕ್ಕಮ್ಮನ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಯಾರ ಮನೆ ಬಿಂದಿಗೆ ನಲ್ಲಿ ಸಾಲಿನಲ್ಲಿ ಮೊದಲು, ಯಾರದ್ದು ಕೊನೆ, ಯಾವ ಮನೆಯವರ ಬಿಂದಿಗೆಗೆ ಬೇರೆಯವರದ್ದು ತಾಗಿಸುವಂತಿರಲಿಲ್ಲ, ಎಲ್ಲ ಹೇಳಿದರು. ಆ ಕೊನೆಯ ಮನೆಯವರ ಹೆಸರು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವ್ಯಾರೂ ಹೆಸರು ಹಿಡಿದು ಕರೀತಿರಲಿಲ್ವೋ’ ಅಂದರು. ಮತದಾರರ ಪಟ್ಟಿ ಹುಡುಕುತ್ತಿದ್ದೇನೆ.